ಒಳವಾಸನೆ

ನೆಗಡಿ ಹರಡಿರುವ ತಿಂಗಳಲ್ಲಿ ನಮ್ಮೂರಿನವರು ಹೆಣ್ಣು ನೋಡಲು ಹೋಗುವುದಿಲ್ಲ. ಹೋದರೂ ಏನು ಬಂತು? ಹುಡುಗಿ ಬಂದು ಎರಡೂ ಅಂಗೈ ಚಾಚುತ್ತಾಳೆ, ಗಂಡಿನ ಕಡೆಯ ಹಿರಿಯರು ಸೊರ್ ಸೊರ್ ಎಂದು ಮೂಗೆಳೆದು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಏನೂ ತಿಳಿಯದೆ ಹೂಂ ಎಂದು ಉಪ್ಪಿಟ್ಟು ತಿಂದು ಬರುತ್ತಾರೆ. ಬೇಸಿಗೆ ಬಂದು ಮೂಗು ಬಿಟ್ಟ ಮೇಲೆ ಸೊಸೆಯ ಎಡಗೈ ಸೀಮೆಎಣ್ಣೆ ಎಂದು ಗೊತ್ತಾಗಿ ಮನೆಯಲ್ಲಿ ರಂಪ. ಅಂಥ ಜಗಳ ಬಿಡಿಸಿ ಬಿಡಿಸಿ ನನಗೆ ಸಾಕಾಗಿದೆ. ಯಾಕೆಂದರೆ ಊರಿನ ಮೂಗು ನಾನು. ನನ್ನ ಹೆಸರು ಸಂಗವ್ವ. ಮೂಸೋ ಸಂಗವ್ವ ಎಂದು ಕೇಳಿದರೆ ಬಸ್ ನಿಲ್ದಾಣದಲ್ಲಿ ಯಾರು ಬೇಕಾದರೂ ನನ್ನ ಮನೆ ತೋರಿಸುತ್ತಾರೆ.

ಕೂಸಿನ ಬಲ ಅಂಗೈಗೆ ಅಪ್ಪನ ವಾಸನೆ, ಎಡ ಅಂಗೈಗೆ ಅವ್ವನದು. ಆದರೆ ಅಪ್ಪನಿಗೂ ಎರಡು ಕೈ, ಎರಡು ವಾಸನೆ, ಅವ್ವನಿಗೂ ಹಾಗೆಯೇ. ಎರಡರಲ್ಲಿ ಯಾವುದು ಇಳಿದು ಬಂದಿದೆ ಎಂದು ಹೆಸರಿಡುವ ದಿನ ಮೂಸಿ ಸಾರುವುದು ನನ್ನ ಕೆಲಸ. ಕೂಸಿನ ಮುಷ್ಟಿ ಬಿಡಿಸಿ, ಮೂಗು ಹತ್ತಿರ ಒಯ್ದು, ನೆರೆದವರಿಗೆಲ್ಲ ಕೇಳುವಂತೆ ಹೇಳುತ್ತೇನೆ: ಬಲಗೈ ಹುರಿದ ಶೇಂಗಾ, ಅಪ್ಪನ ಅಪ್ಪನದು, ಎಡಗೈ ಹಸಿ ಮಾವಿನಕಾಯಿ, ಅವ್ವನ ಅವ್ವನದು. ಯಾರ ವಾಸನೆ ಬಂದಿದೆಯೋ ಆ ಅಜ್ಜ ಅಜ್ಜಿ ಅಂದು ನೆಲದ ಮೇಲೆ ನಡೆಯುವುದಿಲ್ಲ. ಬಾರದಿದ್ದವರು ಹೋಳಿಗೆ ಎಲೆಯಲ್ಲೇ ಬಿಟ್ಟು ಏಳುತ್ತಾರೆ, ನನ್ನ ಮೇಲೆ ಸಿಟ್ಟಾಗುತ್ತಾರೆ. ನಾನೇನು ಮಾಡಲಿ? ಇದ್ದದ್ದನ್ನು ಹೇಳುತ್ತೇನೆ.

ಬೇರೆ ಊರಿನವರಿಗೆ ಇದು ವಿಚಿತ್ರ ಕಾಣಬಹುದು, ನಮಗೆ ರೂಢಿ. ಖಾನಾವಳಿಯ ಗ್ಯಾನಪ್ಪನ ಬಲಗೈ ಡಾಂಬರು. ಅದಕ್ಕೇ ಅವನು ಸೌಟಿಲ್ಲದೆ ಒಂದು ಕಾಳನ್ನೂ ಮುಟ್ಟುವುದಿಲ್ಲ, ಊರಲ್ಲೆಲ್ಲ ಅವನ ಅಡುಗೆಯೇ ಶುಚಿ ಎಂದು ಹೆಸರು. ಹೆಡ್ ಮಾಸ್ತರರ ಕೈ ಬೆಲ್ಲದ ಪಾಕ. ಮಕ್ಕಳಿಗೆ ಎಷ್ಟು ಹೊಡೆದರೂ ಮಕ್ಕಳು ಅವರ ಬೆನ್ನು ಬಿಡುವುದಿಲ್ಲ. ತಮ್ಮ ಕೈಯ ವಾಸನೆ ಮಾತ್ರ ತಮಗೆ ಗೊತ್ತಾಗುವುದಿಲ್ಲ, ಇನ್ನೊಬ್ಬರೇ ಹೇಳಬೇಕು. ನನ್ನ ಗಂಡನಿಗೆ ಹುಟ್ಟಿನಿಂದಲೇ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಊರಿಗೆಲ್ಲ ಮೂಗಾದವಳಿಗೆ ಮೂಗಿಲ್ಲದ ಗಂಡ ಎಂದು ಜನ ನಗುತ್ತಿದ್ದರು. ಆ ಮನುಷ್ಯ ಇಪ್ಪತ್ತು ವರ್ಷ ನನ್ನ ಕೈ ಹಿಡಿದು ಸಂತೆಗೆ ಕರೆದೊಯ್ದ, ಏನು ಹಿಡಿದಿದ್ದೇನೆ ಎಂದು ತಿಳಿಯದೆಯೇ. ಅವನ ನೆನಪಾದರೆ ಈಗಲೂ ನನಗೆ ನಗು ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ.

ನಾನು ಸಾರುವುದು ಮೇಲ್ವಾಸನೆ ಮಾತ್ರ. ಅದರ ಕೆಳಗೆ ಇನ್ನೊಂದಿದೆ, ಒಳವಾಸನೆ. ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು, ಎರಡು ಅಂಗೈಯ ಬಿಸಿ ಒಂದಾದ ಮೇಲೆ ಮೆಲ್ಲಗೆ ಬರುತ್ತದೆ. ಹಾಗೆ ಹಿಡಿಯುವವರು ಯಾರು? ಮಗುವಿನ ಕೈಯನ್ನು ತಾಯಿ, ಗಂಡನ ಬಲಗೈಯನ್ನು ಹೆಂಡತಿ. ಗಂಡಸಿನ ಎಡಗೈಯಲ್ಲಿ ಅವನ ತಾಯಿಯ ವಾಸನೆ ಇರುತ್ತದೆ, ಅದನ್ನು ಹೆತ್ತವಳಿಗೆ ಬಿಡಬೇಕು ಎಂದು ಮದುವೆಯ ದಿನವೇ ಹುಡುಗಿಗೆ ಹೇಳಿ ಕಳಿಸುತ್ತಾರೆ. ಒಳವಾಸನೆಯನ್ನು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ನಾಚಿಕೆಗೇಡು. ಮೂಸುವ ನಾನೂ ಅದನ್ನು ಕೇಳುವಂತಿಲ್ಲ.

ಈಗ ನನ್ನ ತಂಗಿ ನೀಲವ್ವನ ಮಾತಿಗೆ ಬರುತ್ತೇನೆ. ಅವಳನ್ನು ಹಿರೇಬಾಗಿಲ ಮನೆತನಕ್ಕೆ ಕೊಟ್ಟಿತ್ತು. ದೊಡ್ಡ ಮನೆತನ, ಒಳ್ಳೆಯ ಜನ, ಆದರೆ ಅವರಲ್ಲಿ ಇರುಳುಗಣ್ಣು. ಮೂವತ್ತು ದಾಟಿದ ಮೇಲೆ ಸಂಜೆಯ ಹೊತ್ತು ಮಬ್ಬಾಗುತ್ತದೆ, ಆಮೇಲೆ ಹಗಲೂ ಅಂಚಿನಿಂದ ಸವೆಯುತ್ತ ಬಂದು ಕಡೆಗೆ ಪೂರ್ತಿ ಕತ್ತಲು. ಎಲ್ಲರಿಗೂ ಬರುವುದಿಲ್ಲ, ಒಂದೇ ಮನೆಯ ಅಣ್ಣನಿಗೆ ಬಂದರೆ ತಮ್ಮನಿಗೆ ಇಲ್ಲ. ನೀಲವ್ವನ ಗಂಡ ಅಡಿವೆಪ್ಪ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದ. ಕಣ್ಣು ಹೋದ ಮೇಲೂ ಕೆಲವು ಕಾಲ ಶಾಲೆಗೆ ಹೋದ. ಗೋಡೆಯ ಕಡೆ ಮುಖ ಮಾಡಿ ಸೀಟಿ ಊದಿದರೆ ಮಕ್ಕಳೇ ಸದ್ದಿಲ್ಲದೆ ಗೋಡೆಗೂ ಅವನಿಗೂ ನಡುವೆ ಹೋಗಿ ಸಾಲಾಗಿ ನಿಲ್ಲುತ್ತಿದ್ದರಂತೆ. ಐದು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡ.

ಅವರಿಗೆ ಒಬ್ಬಳೇ ಮಗಳು ದಾನಮ್ಮ. ಅವಳ ಹೆಸರಿಡುವ ದಿನ ನಾನೇ ಸಾರಿದ್ದೆ: ಬಲಗೈ ಇಂಗು, ಅಪ್ಪನ ಬಲಗೈಯದೇ. ಅಡಿವೆಪ್ಪ ಹಿಗ್ಗಿ ನನಗೆ ಇಳಕಲ್ ಸೀರೆ ಉಡಿಸಿದ. ಈಗ ದಾನಮ್ಮ ಊರಿನ ಸಂಜೆ ಬಸ್ಸು ಓಡಿಸುತ್ತಾಳೆ. ಘಟ್ಟದ ದಾರಿ, ಏಳು ತಿರುವು, ಮುಳುಗುವ ಸೂರ್ಯ ಎದುರಿಗೇ. ಹಿಂದಿನ ಡ್ರೈವರು ಬೈದುಕೊಂಡು ಓಡಿಸುತ್ತಿದ್ದ ದಾರಿಯಲ್ಲಿ ಇವಳು ಹಾಡಿಕೊಂಡು ಹೋಗುತ್ತಾಳೆ. ಅದೇ ಬಸ್ಸಿನ ಕಂಡಕ್ಟರ್ ಫಕ್ಕೀರೇಶ ಅವಳನ್ನು ಮದುವೆಯಾಗುತ್ತೇನೆಂದು ಎರಡು ವರ್ಷದಿಂದ ಕೇಳುತ್ತಿದ್ದ. ಅವಳು ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ.

"ದೊಡ್ಡವ್ವಾ, ಮೂವತ್ತು ದಾಟಲಿ. ಕಣ್ಣು ಉಳದ್ರ ಅಂವನ ಮುಖ ನೋಡಿ ಹೂಂ ಅಂತೀನಿ," ಎಂದು ನನಗೆ ಒಮ್ಮೆ ಹೇಳಿದ್ದಳು. ನಗುತ್ತಲೇ ಹೇಳಿದಳು.

ಆ ವರ್ಷವೇ ಡಾಕ್ಟರ್ ಅನಸೂಯಾ ಬಂದದ್ದು. ಪಟ್ಟಣದ ಯಾವುದೋ ಸಂಸ್ಥೆಯವರು, ಮನೆತನದಲ್ಲಿ ಹರಿಯುವ ರೋಗ ಎಲ್ಲಿ ಅಡಗಿದೆ ಎಂದು ಲೆಕ್ಕದಿಂದ ಹುಡುಕುವವರು. ನನ್ನ ಪಡಸಾಲೆಯಲ್ಲೇ ಇಳಿದುಕೊಂಡರು. ಮೊದಲ ದಿನ ಓಣಿಯ ಹೆಂಗಸರೆಲ್ಲ ಬಂದು ಅವರ ಕೈ ಮೂಸಿ, ಏನೂ ಬಾರದೆ, ಮರುಕದಿಂದ ಬಾಯಿ ಚಪ್ಪರಿಸಿದರು. ಎರಡೂ ಖಾಲಿ ಕೈ. ಪಾಪ, ಹೆತ್ತವರು ಏನೂ ಕೊಟ್ಟಿಲ್ಲ ಎಂದು ಒಬ್ಬಳು ಮಜ್ಜಿಗೆ ಮೆಣಸಿನಕಾಯಿ ತಂದಳು, ಇನ್ನೊಬ್ಬಳು ಹಪ್ಪಳ. ಡಾಕ್ಟರು ಬೇಡವೆನ್ನಲಿಲ್ಲ. ಹೋಗುವಷ್ಟರಲ್ಲಿ ಅವರು ಚೆನ್ನಾಗಿ ದಪ್ಪಗಾಗಿದ್ದರು.

ಅವರು ಕಾಗದದ ಮೇಲೆ ವಂಶದ ಚಿತ್ರ ಬರೆದು ತೋರಿಸಿದರೆ ಮುದುಕಿಯರಿಗೆ ತಿಳಿಯಲಿಲ್ಲ. ಆಗ ನಾನೇ ಅಂದೆ, ಅಂಗಳ ಸಾರಿಸಿ ರಂಗೋಲಿಯಲ್ಲಿ ಹಾಕಿರಿ, ಯಾರಿಗೆ ತಿಳಿಯುವುದಿಲ್ಲ ನೋಡೋಣ. ಹಿರೇಬಾಗಿಲ ಮನೆಯ ಅಂಗಳ ತುಂಬ ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ, ಗಂಡ ಹೆಂಡತಿಯ ನಡುವೆ ಒಂದು ಗೆರೆ, ಮಕ್ಕಳಿಗೆ ಇಳಿಗೆರೆ. ಕಣ್ಣು ಹೋದವರ ದುಂಡು, ಚೌಕದೊಳಗೆ ಕೆಮ್ಮಣ್ಣು ತುಂಬಿದರು. ಮುದುಕಿಯರು ತಮ್ಮ ತಮ್ಮ ದುಂಡು ಹುಡುಕಿ ಅದರಲ್ಲಿ ಹೋಗಿ ನಿಂತರು.

"ನನಗೂ ನಮ್ಮ ಹಿರಿಯಾಗೂ ನಡುವ ಇಷ್ಟು ಸಪೂರ ಗೆರಿ ಹಾಕೀರೇನ್ರಿ?" ಎಂದಳು ಒಬ್ಬಾಕೆ. "ನಲವತ್ತು ವರ್ಷ ಬಾಳೇವಿ ಮಾಡೀನಿ. ಸ್ವಲ್ಪ ದಪ್ಪ ಹಾಕ್ರಿ."

ಡಾಕ್ಟರು ನಕ್ಕು ಗೆರೆಯ ಮೇಲೆ ಇನ್ನೊಂದು ಸಲ ಪುಡಿ ಎಳೆದರು. ಆಮೇಲೆ ನಾನು ಒಬ್ಬೊಬ್ಬರ ಕೈ ಮೂಸಿ, ಸತ್ತವರದನ್ನು ನೆನಪಿನಿಂದ ಹೇಳಿದೆ. ಕೆಮ್ಮಣ್ಣು ಬಿದ್ದ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಇಂಗೇ. ಡಾಕ್ಟರು ಇನ್ನೂ ತಲೆ ಕೆರೆದುಕೊಳ್ಳುತ್ತ ನಿಂತಿದ್ದರು, ಅಷ್ಟರಲ್ಲಿ ಗುಂಪಿನಿಂದ ಯಾರೋ ಕೂಗಿದರು: "ಇಂಗಿನ ಕೈ ಅಂದ್ರ ಕುರುಡ ಅಂದಂಗಾತು!"

ಮಾತು ಅಂಗಳ ದಾಟಿ ಸಂತೆಗೆ ಹೋಯಿತು. ನಮ್ಮ ಜನಕ್ಕೆ ಮೂಗಿನ ಮೇಲೆ ಇರುವ ನಂಬಿಕೆ ದೇವರ ಮೇಲೂ ಇಲ್ಲ. ಇಂಗಿನ ಕೈಯವರು ಸೀಗೆಕಾಯಿ, ನಿಂಬೆಹಣ್ಣು, ಬೂದಿ ಎಲ್ಲ ಹಾಕಿ ಕೈ ತಿಕ್ಕಿ ತಿಕ್ಕಿ ಸಿಪ್ಪೆ ಸುಲಿದುಕೊಂಡರು. ಹಿರೇಬಾಗಿಲದವರಿಗೆ ಸಂಬಂಧವೇ ಇಲ್ಲದ ಒಬ್ಬ ಬಡಗಿಯ ಕೈಯೂ ಇಂಗು. ಅವನಿಗೆ ಯಾರೂ ಬಾಗಿಲು ಕೂಡಿಸಲು ಹೇಳದಾದರು. ಅಡುಗೆಗೆ ಇಂಗು ಹಾಕುವುದನ್ನೂ ಬಿಟ್ಟ ಮಹಾನುಭಾವರಿದ್ದರು. ದಾನಮ್ಮನ ಸಂಜೆ ಬಸ್ಸು ಖಾಲಿಯಾಯಿತು. ಅವಳ ಕಣ್ಣು ಎಂದಿನಂತೆಯೇ ಇತ್ತು, ಆದರೂ ಜನ ಘಟ್ಟದ ಬುಡದಲ್ಲಿ ಇಳಿದು ನಡೆದು ಬರತೊಡಗಿದರು. ಬಸ್ಸಿನ ಮಾಲೀಕ ಸಾಹುಕಾರ ಕೆಟ್ಟವನಲ್ಲ, ಆದರೂ ಬೇರೆ ಡ್ರೈವರನನ್ನು ನೋಡುತ್ತೇನೆ ಎಂದ. ಖಾಲಿ ಬಸ್ಸಿನಲ್ಲಿ ಫಕ್ಕೀರೇಶ ತಾನೇ ಒಂದು ಟಿಕೆಟು ಹರಿದುಕೊಂಡು ಡ್ರೈವರ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದ.

ಡಾಕ್ಟರಿಗೆ ಸಿಟ್ಟು ಬಂದಿತ್ತು. "ನಾನು ಹಾಗೆ ಹೇಳೇ ಇಲ್ವಲ್ಲ ಸಂಗವ್ವ! ವಾಸನೆಯಿಂದ ರೋಗ ಬರಲ್ಲ. ಎರಡೂ ಅಕ್ಕಪಕ್ಕ ಕೂತು ಪ್ರಯಾಣ ಮಾಡ್ತವೆ ಅಷ್ಟೆ. ಅದೂ ಇನ್ನೂ ಖಾತ್ರಿ ಆಗಿಲ್ಲ."

ಖಾತ್ರಿ ಎಂದರೇನು ಎಂದು ನಾನು ಕೇಳಿದೆ. ಅವರು ನನ್ನ ಚೌಕಾಬಾರದ ಕವಡೆ ಎತ್ತಿಕೊಂಡರು. ಒಂದು ಕವಡೆ ಒಂದು ಸಲ ಅಂಗಾತ ಬಿದ್ದರೆ ಏನೂ ಅಲ್ಲ, ಎರಡು ಸಲ ಬಿದ್ದರೂ ಸುಮ್ಮನಿರುತ್ತೀರಿ, ಎಷ್ಟು ಸಲ ಬಿದ್ದರೆ ಎದುರಿನವಳು ಮೋಸದ ಕವಡೆ ತಂದಿದ್ದಾಳೆ ಎನ್ನುತ್ತೀರಿ? ನಾನು ನಾಲ್ಕು ಸಲಕ್ಕೇ ಜುಟ್ಟು ಹಿಡಿಯುತ್ತೇನೆ ಎಂದೆ. "ನಾನು ಸಾವಿರಕ್ಕೆ ಒಂದು ಅನ್ನೋವರೆಗೂ ಕಾಯ್ತೀನಿ," ಎಂದರು ಅವರು. "ಸುಮ್ಮನೆ ಅದೃಷ್ಟದಿಂದ ಹೀಗಾಗೋದು ಸಾವಿರದಲ್ಲಿ ಒಂದು ಸಲ ಅನ್ನುವಷ್ಟು ಸಾಕ್ಷಿ ಸಿಗಬೇಕು. ಒಂದು ಮನೆಯಲ್ಲಿ ಅಷ್ಟು ಜನ ಇರಲ್ಲ, ಅದಕ್ಕೇ ಇಷ್ಟು ದೊಡ್ಡ ಮನೆತನ ಹುಡುಕಿಕೊಂಡು ಬಂದೆ. ಆದ್ರೆ ಇಬ್ಬರು ನನ್ನ ನಿದ್ದೆ ಕೆಡಿಸಿದ್ದಾರೆ."

ಒಬ್ಬರು ಚನವೀರಪ್ಪ ಕಾಕಾ. ಕೈ ಇಂಗು, ಎಪ್ಪತ್ತು ದಾಟಿದರೂ ಸೂಜಿಗೆ ದಾರ ಪೋಣಿಸುತ್ತಾರೆ. ಇನ್ನೊಬ್ಬಳು ತಂಗೆವ್ವ, ಕೈಯಲ್ಲಿ ಇಂಗಿಲ್ಲ, ಕಣ್ಣಿಲ್ಲ. ಹಾಗಾದರೆ ರೋಗ ಇಂಗಿನ ಮಗ್ಗುಲಲ್ಲಿ ಇಲ್ಲ, ಸ್ವಲ್ಪ ಆಚೆ ಇರಬೇಕು, ಅದಕ್ಕೆ ಇನ್ನೂ ಹತ್ತಿರದ ಗುರುತು ಬೇಕು ಎಂದರು ಡಾಕ್ಟರು. ಆಮೇಲೆ ತಲೆ ತಗ್ಗಿಸಿ, ಒಳವಾಸನೆ ಅಂತ ಏನೋ ಇದೆಯಂತಲ್ಲ ಎಂದು ಕೇಳಿದರು.

ಊರಲ್ಲಿ ಗದ್ದಲವೋ ಗದ್ದಲ. ಗಂಡನ ಕೈಯ ಒಳವಾಸನೆಯನ್ನು ಅಂಗಳದಲ್ಲಿ ನಿಂತು ಹೇಳುವುದೆಂದರೇನು! ಆದರೆ ದಾನಮ್ಮನ ಖಾಲಿ ಬಸ್ಸು ದಿನಾ ಎಲ್ಲರ ಕಣ್ಣೆದುರಿಗೇ ಹೋಗುತ್ತಿತ್ತು. ಮೊದಲು ಒಬ್ಬ ಮುದುಕಿ, ಗಂಡ ಸತ್ತು ಎಷ್ಟೋ ವರ್ಷವಾದವಳು, ಬಂದು ತನ್ನ ದುಂಡಿನಲ್ಲಿ ನಿಂತು, ಸೆರಗಿನಿಂದ ಮುಖ ಮುಚ್ಚಿಕೊಂಡು, ನೀರು ಹೊಯ್ದ ಸುಣ್ಣ ಎಂದಳು. ಹೇಳಿ ಅಲ್ಲೇ ಕೂತು ಅತ್ತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕಣ್ಣು ಹೋದವರೆಲ್ಲರ ಕೈಯೊಳಗೆ ಅದೇ, ಒದ್ದೆ ಸುಣ್ಣ. ಇಂಗಿಲ್ಲದ ತಂಗೆವ್ವನ ಕೈಯಲ್ಲೂ ಸುಣ್ಣವೇ ಎಂದು ಅವಳ ತಾಯಿ ಹೇಳಿದಾಗ ಡಾಕ್ಟರು ಅಂಗಳದಲ್ಲಿ ಕುಣಿಯುವುದೊಂದು ಬಾಕಿ. ಸಾವಿರ ದಾಟಿತು ಸಂಗವ್ವ, ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದರು.

ಆಗ ಚನವೀರಪ್ಪ ಕಾಕಾನ ಹೆಂಡತಿ ಎದ್ದು ನಿಂತಳು. "ನಮ್ಮವರ ಕೈಯೊಳಗ ಸುಣ್ಣ ಇಲ್ರಿ. ಹುಣಸಿ ಹೂವಿನ ವಾಸನಿ ಐತಿ." ಹಿರೇಬಾಗಿಲದ ಗಂಡಸಿನಲ್ಲಿ, ಅದೂ ಇಂಗಿನ ಕೈಯಲ್ಲಿ, ಹುಣಸೆ ಹೂವೇ? ಹೊರಗೆ ಇಂಗು ಎಂದರೆ ಒಳಗೂ ಆ ಮನೆತನದ ಸುಣ್ಣವೇ ಇಳಿದಿರಬೇಕು ಎಂದು ನಮ್ಮವರ ಎಣಿಕೆ. ಒಬ್ಬಳು ಕಿಸಕ್ಕೆಂದಳು. "ಅವರವ್ವ ಭಾಳ ಚೆಲುವಿ ಇದ್ದಳಂತ," ಎಂದು ಇನ್ನೊಬ್ಬಳು ಪಿಸುಗುಟ್ಟಿದಳು. ಸತ್ತು ಮಣ್ಣಾದವಳ ಮೇಲೆ ಅಂಗಳ ತುಂಬ ನಗೆ. ಡಾಕ್ಟರು ಆಚೆ ತುದಿಯಲ್ಲಿ ಬಗ್ಗಿ ಪುಡಿ ಹಾಕುತ್ತಿದ್ದರು, ಅವರಿಗೆ ಇದು ಕೇಳಿಸಲಿಲ್ಲ.

ಮುಂದಿನ ಸರದಿ ನೀಲವ್ವನದು. ಅಡಿವೆಪ್ಪನ ಚೌಕದ ಪಕ್ಕ ನಿಂತು, ಅವರದು ಒದ್ದೆ ಸುಣ್ಣ ಎಂದಳು. ಎಲ್ಲರಿಗೂ ಗೊತ್ತಿದ್ದದ್ದೇ. ಡಾಕ್ಟರು ಮೆಲ್ಲಗೆ ಮಗಳದು ಎಂದು ಕೇಳಿದರು. ದಾನಮ್ಮ ಖಾಕಿ ಅಂಗಿಯಲ್ಲೇ ಅಂಗಳದ ಬಾಗಿಲಿಗೆ ಬಂದು ನಿಂತಿದ್ದಳು. ನೀಲವ್ವ ಸುತ್ತ ಕೂತವರನ್ನೊಮ್ಮೆ ನೋಡಿದಳು.

"ಅಪ್ಪಂದ," ಎಂದಳು. "ಒಳಗೂ ಹೊರಗೂ ಅಪ್ಪಂದ."

ದಾನಮ್ಮ ಹೊರಳಿ ಸೀದಾ ಸಾಹುಕಾರನ ಮನೆಗೆ ಹೋಗಿ, ನಾಳೆಯಿಂದ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದಳು. ಫಕ್ಕೀರೇಶ ಹಿಂದೆ ಹಿಂದೆ ಹೋಗಿ ಏನೋ ಹೇಳಹೊರಟರೆ, "ನನ್ನ ಕೈ ಹಿಡದು ಊರು ತಿರುಗಸ್ತೀಯೇನು? ನಮ್ಮವ್ವ ತಿರುಗಸಿದ್ದು ಸಾಕು," ಎಂದು ರೇಗಿದಳಂತೆ.

ಆ ಹೊತ್ತಿನಿಂದ ನನಗೆ ಊಟ ಸೇರಲಿಲ್ಲ. ನೀಲವ್ವ ಉತ್ತರ ಹೇಳುವಾಗ ಮಗಳನ್ನು ನೋಡಲಿಲ್ಲ, ಊರಿನವರನ್ನು ನೋಡಿದಳು. ತಂಗಿಯನ್ನು ಎತ್ತಿ ಆಡಿಸಿದವಳು ನಾನು. ಅವಳು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಬೆಳಿಗ್ಗೆ ಹೋದಾಗ ರೊಟ್ಟಿ ಬಡಿಯುತ್ತ ಕೂತಿದ್ದಳು.

"ನೀಲಾ, ನಿನ್ನಿ ಯಾಕ ಸುಳ್ಳು ಹೇಳಿದಿ?"

ರೊಟ್ಟಿಯ ಸಪ್ಪಳ ನಿಂತಿತು. "ಏನ ಸುಳ್ಳು? ನಿನಗ್ಯಾಕ ಬೇಕು ಅದೆಲ್ಲಾ?"

"ಹಾಂಗಾದ್ರ ನಡಿ, ದಾನಿ ಕೈ ನಾನ ಹಿಡದು ಕೂಡತೀನಿ. ಪದ್ಧತಿ ಸುಟ್ಟು ಹೋಗಲಿ."

ಹಿಟ್ಟಿನ ಕೈಯಲ್ಲೇ ಅವಳು ನನ್ನ ಕಾಲು ಹಿಡಿದುಕೊಂಡಳು. "ಆಕಿ ಕೈಯಾಗ ಸುಣ್ಣ ಇಲ್ಲಕ್ಕಾ. ಹುಟ್ಟಿದಾಗಿಂದ ಇಲ್ಲ. ಹಾಲು ಉಕ್ಕಿ ಒಲಿಗಿ ಬಿದ್ದಂಗ ವಾಸನಿ. ಅವರ ಕೈಯಾಗ ಅದು ಇರಲಿಲ್ಲ. ಎಲ್ಲಿಂದ ಬಂತು ನನಗ ಗೊತ್ತಿಲ್ಲ. ಬಾಣಂತಿ ಕೋಣ್ಯಾಗ ಅವರು ಕೇಳಿದ್ರು, ಒಳಗೂ ನಂದ ಐತೇನು ಅಂತ. ನಾ ಹೌದಂದೆ. ಅಂದಿನಿಂದ ಅದನ್ನ ಹೇಳಿಕೋತ ಬಂದೀನಿ. ನಿನ್ನಿ ನಕ್ಕರಲ್ಲ, ಕೇಳಿದಿಲ್ಲೋ? ಸತ್ತಾಕಿನ್ನ ಬಿಡಲಿಲ್ಲ, ನನ್ನ ಬಿಡತಾರೇನು? ನಾ ಬ್ಯಾರೆ ಗಂಡಸರ ಮುಖಾ ನೋಡಿದಾಕಿ ಅಲ್ಲಕ್ಕಾ, ನಿನ್ನ ಆಣಿ."

ನನಗೆ ಅವಳನ್ನು ಹೊಡೆಯಬೇಕೆನಿಸಿತು. "ಊರ ಬಾಯಿಗಂಜಿ ಮಗಳ ಕಣ್ಣು ಕಿತ್ತು ಕೊಟ್ಟಿ ಏನು?" ಎಂದು ಬೈದೆ. ಬೈದು ಮುಗಿಸುವಷ್ಟರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದೆವು, ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು. ಇಪ್ಪತ್ತೆಂಟು ವರ್ಷ ಒಬ್ಬಳೇ ಈ ಭಯ ಹೊತ್ತಿದ್ದಾಳೆ. ಮಾಡದ ತಪ್ಪಿಗೆ, ಅದೂ ಗಂಡನ ಕೈ ಹಿಡಿದು ಊರೆಲ್ಲ ತಿರುಗಿಸಿಕೊಂಡು ಬಂದವಳು. ನನ್ನ ಮೂಗು ಇದ್ದು ಏನು ಫಲ, ಪಕ್ಕದ ಓಣಿಯ ತಂಗಿಯ ಸಂಕಟ ಗೊತ್ತಾಗಲಿಲ್ಲವಲ್ಲ ಎಂದು ಬಹಳ ಬೇಜಾರಾಯಿತು.

ಕೈ ತೊಳೆಸಿ ಅವಳನ್ನು ಡಾಕ್ಟರ ಬಳಿ ಎಳೆದು ತಂದೆ. ಮಾತು ಮುಗಿಯುವ ಮೊದಲೇ ಡಾಕ್ಟರು ಎದ್ದು ನಿಂತರು. "ಇದರಲ್ಲಿ ತಪ್ಪೇನಿದೆ ನೀಲವ್ವ? ಅಪ್ಪನ ಎರಡು ಕೈ ಸೇರಿ ಮಗುವಿನ ಒಂದು ಕೈ ಆಗಬೇಕು. ಎಷ್ಟೋ ಸಲ ಒಂದು ಕೈ ಇಡಿಯಾಗಿ ಇಳಿಯುತ್ತೆ. ಆದ್ರೆ ಒಮ್ಮೊಮ್ಮೆ ನೀವು ಕೌದಿ ಹೊಲಿಯೋ ಹಾಗೆ ಬಲಗೈಯ ಅರ್ಧ, ಎಡಗೈಯ ಅರ್ಧ ಜೋಡಿಸಿಕೊಂಡು ಬರುತ್ತೆ. ಚನವೀರಪ್ಪನವರದೂ ಅದೇ. ಇದು ನಿಮಗೆಲ್ಲ ಗೊತ್ತಿರುತ್ತೆ ಅಂದುಕೊಂಡು ನಾನು ಹೇಳ್ಲಿಲ್ಲ. ನಿಮ್ಮ ಯಜಮಾನರ ಎಡಗೈ ಒಳವಾಸನೆ ಏನು?"

ನೀಲವ್ವನಿಗೆ ಹೇಗೆ ಗೊತ್ತಿರಬೇಕು? ಎಡಗೈ ಹೆತ್ತವಳಿಗೆ ಬಿಟ್ಟದ್ದು. ಹೆತ್ತವಳನ್ನು ಕೇಳಿದರೂ ಉಪಯೋಗವಿಲ್ಲ, ಅದು ಅವಳದೇ ವಾಸನೆ, ಅವಳ ಮೂಗಿಗೆ ತಿಳಿಯದು; ಅವಳ ಕೈಯನ್ನೇ ಹಿಡಿದು ನೋಡಬೇಕು. ಹೆತ್ತವಳು ಹಂಪವ್ವ ಇನ್ನೂ ಗಟ್ಟಿಮುಟ್ಟಾಗಿದ್ದಳು, ಅದೇ ಓಣಿಯಲ್ಲಿ ಕಿರಿಯ ಮಗನ ಮನೆಯಲ್ಲಿದ್ದಳು. ಆದರೆ ಅತ್ತೆ ಸೊಸೆಯ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ಜಗಳಕ್ಕೆ ಕಾರಣ ಏನೆಂದು ಕೇಳಿದರೆ ಇಬ್ಬರೂ ಯೋಚನೆ ಮಾಡುತ್ತಿದ್ದರು. ನನ್ನ ಮೇಲೂ ಹಂಪವ್ವನಿಗೆ ಕೋಪ. ಐದು ಮೊಮ್ಮಕ್ಕಳ ಹೆಸರಿಡುವಾಗಲೂ ನಾನು ಅವಳ ವಾಸನೆ ಸಾರಿರಲಿಲ್ಲ.

ನಾವು ಮೂವರೂ ಹೋದಾಗ ಹಂಪವ್ವ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಫಕ್ಕೀರೇಶನಿಗೆ ಹೇಳಿ ಕಳಿಸಿದ್ದೆ; ಬಸ್ಸಿನ ಕೀಲಿ ಒಪ್ಪಿಸಲು ಹೋಗಿದ್ದ ದಾನಮ್ಮನನ್ನು ಅವನು ಸಾಹುಕಾರನ ಮನೆಯಿಂದ ಅಲ್ಲಿಗೇ ಕರೆತಂದ. ನೀಲವ್ವ ಅತ್ತೆಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು.

"ಯಾಕ? ಯಾರು ಸತ್ತರು?" ಎಂದಳು ಹಂಪವ್ವ.

"ಸುಮ್ಮನ ಕೂಡ್ರಿ ಅತ್ತಿ, ಸ್ವಲ್ಪ ಹೊತ್ತು."

ಮುದುಕಿ ಕೈ ಎಳೆದುಕೊಳ್ಳಲಿಲ್ಲ. ಮೊದಲು ಬಂದದ್ದು ಬರೀ ಬೆಳ್ಳುಳ್ಳಿ, ಅದು ಎಲ್ಲರಿಗೂ ಬಂತು. ಆಮೇಲೆ ಅವಳ ಎಂದಿನ ಮೇಲ್ವಾಸನೆ, ಕರಿಬೇವು. ಓಣಿಯಲ್ಲಿ ಮಜ್ಜಿಗೆ ಮಾರುವವಳು ಹೋದಳು, ಕೋಳಿಗಳು ಬಂದು ಬೆಳ್ಳುಳ್ಳಿ ಸಿಪ್ಪೆ ಕೆದರಿ ಹೋದವು. ಒಂದು ಕೈಯನ್ನು ಬಿಟ್ಟು ನೀಲವ್ವ ಇನ್ನೊಂದನ್ನು ಹಿಡಿದಳು. ಡಾಕ್ಟರು ಉಗುರು ಕಚ್ಚುತ್ತಿದ್ದರು. ದಾನಮ್ಮ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ಅವಳ ಬದುಕು ಆ ಮುದಿ ಅಂಗೈಯಲ್ಲಿ ಇತ್ತು. ಆಗ ನೀಲವ್ವ ಅತ್ತೆಯ ಕೈಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿದಳು.

"ಏನಾತ? ಅಷ್ಟು ನಾರತೈತೇನ?" ಎಂದಳು ಹಂಪವ್ವ ಗಾಬರಿಯಿಂದ.

"ಹಾಲು," ಎಂದಳು ನೀಲವ್ವ. "ಉಕ್ಕಿದ ಹಾಲು. ದಾನಿ ಕೈಯಾಗಿಂದು ನಿಮ್ಮದು ಅತ್ತಿ."

ತಿಳಿಸಿ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಹಂಪವ್ವ ಬೆಳ್ಳುಳ್ಳಿ ಮೊರ ಕೆಳಗಿಟ್ಟು, ಮೊದಲು ನನ್ನ ಕಡೆ ತಿರುಗಿದಳು. "ನಿನ್ನ ಮೂಗಿಗೆ ಬೆಂಕಿ ಹಾಕ, ಸಂಗಿ! ಇಷ್ಟು ವರ್ಷ ನನಗ ಒಬ್ಬ ಮೊಮ್ಮಗಳೂ ಇಲ್ಲಂತ ಮಾಡಿಬಿಟ್ಟಿಯಲ್ಲ!" ಬೈಗುಳ ಅಷ್ಟು ಸಿಹಿಯಾಗಿ ನನಗೆ ಎಂದೂ ಕೇಳಿಸಿಲ್ಲ.

ದಾನಮ್ಮ ಮಾತ್ರ ನಗಲಿಲ್ಲ. ಡಾಕ್ಟರ ಮುಂದೆ ಬಂದು ನಿಂತಳು. "ನನಗ ಖರೆ ಹೇಳ್ರಿ. ಕಣ್ಣು ಉಳಿತಾವೇನು?"

"ನೂರಕ್ಕೆ ನೂರು ಅಂತ ನಾನು ಯಾರಿಗೂ ಹೇಳಲ್ಲ," ಎಂದರು ಡಾಕ್ಟರು. "ಸುಣ್ಣದ ಪಕ್ಕದಲ್ಲೇ ರೋಗ ಇದೆ, ಆದ್ರೆ ಅವೂ ಎಲ್ಲೋ ಅಪರೂಪಕ್ಕೆ ಅಗಲಬಹುದು. ಸುಣ್ಣ ಇಲ್ಲದೆ ಇರುಳುಗಣ್ಣು ಬಂದವರು ಈ ಮನೆತನದಲ್ಲಿ ಒಬ್ಬರೂ ಇಲ್ಲ. ನನ್ನ ಲೆಕ್ಕ ಕೇಳಿದರೆ ನಿನ್ನ ಕಣ್ಣು ಉಳಿಯುತ್ತೆ."

"ಲೆಕ್ಕ ಬಿಡ್ರಿ. ಸಂಜಿ ಬಸ್ಸಿಗಿ ನೀವು ಹತ್ತತೀರೇನು?"

"ಮುಂದಿನ ಸೀಟು ಹಿಡಿದಿಡು."

ದಾನಮ್ಮ ಕಂಬದ ಬುಡದಲ್ಲೇ ಕುಸಿದು ಕೂತಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಕೂಸಿನ ಹಾಗೆ ಸದ್ದು ಮಾಡಿ ಅತ್ತಳು. ಅಷ್ಟು ವರ್ಷ ನಗುತ್ತ ತಿರುಗಿದ ಹುಡುಗಿ ಒಳಗೆ ಎಷ್ಟು ಹೆದರಿದ್ದಳೆಂದು ನಮಗೆ ಆಗಲೇ ಗೊತ್ತಾದದ್ದು. ಫಕ್ಕೀರೇಶ ಹತ್ತಿರ ಹೋಗಬೇಕೋ ಬೇಡವೋ ತಿಳಿಯದೆ ಓಣಿಯ ನಡುವೆ ನಿಂತಿದ್ದ. "ಬಸ್ಸಿಗಿ ಹೊತ್ತಾಗತೈತಿ, ಕೀಲಿ ಇಸಕೊಂಡು ಬಾ ಹೋಗೋ," ಎಂದು ಅವಳೇ ಅಳುತ್ತ ಅಳುತ್ತ ಗದರಿದಳು. ಅವನು ಓಡಿದ ಓಟ ನೋಡಬೇಕಿತ್ತು.

ನೀಲವ್ವ ಮಗಳ ಮುಂದೆ ಹೋಗಿ ಕೂತು ಅವಳ ಬಲಗೈಯನ್ನು ಮುಖದಿಂದ ಬಿಡಿಸಿ ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಬಹಳ ಹೊತ್ತು ಹಾಗೇ ಕೂತಳು. ಹೊರಗೆ ಇಂಗು, ಒಳಗೆ ಹಾಲು. ಹೊರಗೆ ಅಡಿವೆಪ್ಪನ ಬಲಗೈ, ಒಳಗೆ ಎಡಗೈ. ಈಗ ಅವಳ ಕಿವಿ ಕೆಂಪಾಗಿರಲಿಲ್ಲ.

"ಕಣ್ಣು ಹೋದ ಮ್ಯಾಲೆ ಅವರು ಎಡಗೈಯಾಗ ಕೋಲು ಹಿಡೀತಿದ್ರು, ಬಲಗೈ ನನಗ ಕೊಡತಿದ್ರು," ಎಂದಳು, ಯಾರನ್ನೂ ನೋಡದೆ. "ಕಡೀ ದಿನಾನೂ ಆ ಎಡಗೈ ನಾ ಮುಟ್ಟಲಿಲ್ಲ. ಅದೊಂದು ಕೈ ನನಗ ಸಿಗಲೇ ಇಲ್ಲಂತ ಭಾಳ ಅತ್ತೀನಿ ಅಕ್ಕಾ." ಮಗಳ ಅಂಗೈಯನ್ನು ಕೆನ್ನೆಗೆ ಹಚ್ಚಿಕೊಂಡಳು. "ಈಕಿ ಹುಟ್ಟಿದಾಗಿಂದ ಹಿಡಕೊಂಡೇ ಇದ್ದೆ ನೋಡ."